ಪ್ರತಿಕ್ರಿಯೆ: ಪಾದದ ಗಂಟಿನ ಮೂಳೆ ಜರುಗಿದ್ದರೆ ಕಟ್ಟು ಸಾಕಾ?
ಅಕ್ಕ, ಕೋಲಾರದಲ್ಲಿ ನಿಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಪಾದದ ಗಂಟಿನ ಎರಡೂ ಕಡೆ ಮೂಳೆ ಮುರಿದು ಜರುಗಿದೆ, ಪುತ್ತೂರು ಕಟ್ಟು (ನಾಟಿ ವೈದ್ಯರು ಹಾಕುವ ಮೂಳೆ ಕಟ್ಟು) ಸಾಕಾ, ಆಪರೇಷನ್‌ಗೆ ಒಂದು ವಾರ ಯಾಕೆ ಕಾಯಿಸುತ್ತಾರೆ ಅಂತ ಕೇಳಿದ್ದೀರಿ.

ದಯವಿಟ್ಟು ಕಟ್ಟು ಹಾಕಿಸಿ ಸುಮ್ಮನಾಗಬೇಡಿ. ಇಡೀ ಮೈಭಾರ ಬೀಳುವ ಕೀಲು ಅದು. ಆ ಕೀಲಿನೊಳಗೆ ಕೂರುವ ಪಾದದ ಮೂಳೆ (ಟೇಲಸ್) ಬರೀ 1 ಮಿಲಿಮೀಟರ್ ಹೊರಪಕ್ಕಕ್ಕೆ ಸರಿದರೂ, ಮೂಳೆಗೆ ಮೂಳೆ ತಾಗುವ ಜಾಗ ಸುಮಾರು 42% ಕಡಿಮೆಯಾಗುತ್ತದೆ ಅಂತ 1976ರಲ್ಲೇ ಅಳೆದು ತೋರಿಸಿದ್ದಾರೆ. ಸೊಟ್ಟಗೆ ಕೂಡಿಕೊಂಡರೆ ಕೀಲು ಬೇಗ ಸವೆಯುತ್ತದೆ, ನೋವು ಉಳಿಯುತ್ತದೆ.

ಕಾಯುವುದು ಊತ ಇಳಿಯಲಿ ಅಂತ. ನಮ್ಮ ಅತ್ತೆ ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಬಿದ್ದಾಗ ಚರ್ಮ ಬಿಗಿದು ಹೊಳೆಯುತ್ತಿತ್ತು. ಮೊದಲು ಎಳೆದು ಕೂರಿಸಿ, ಅರ್ಧ ಪಿಒಪಿ (ಸುತ್ತಲೂ ಮುಚ್ಚದ ಪ್ಲಾಸ್ಟರ್ ಪಟ್ಟಿ) ಹಾಕಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿಸಿದರು. 9ನೇ ದಿನ ಚರ್ಮದಲ್ಲಿ ಸಣ್ಣ ಸುಕ್ಕು ಕಾಣಿಸಿತು. ಆಮೇಲೇ ಆಪರೇಷನ್. ಊತ ಇರುವಾಗಲೇ ಕೊಯ್ದರೆ ಗಾಯ ಕೂಡುವುದು ಕಷ್ಟ, ಕೀವಾಗುವ ಭಯ ಜಾಸ್ತಿ.

ಹೊರಗಡೆ ಮೂಳೆಗೆ ಪ್ಲೇಟ್, ಒಳಗಡೆಗೆ ಸಾಮಾನ್ಯವಾಗಿ ಸ್ಕ್ರೂ. ಅತ್ತೆಗೆ 6 ವಾರ ಕಾಲೂರಬೇಡಿ ಅಂದಿದ್ದರು. ಅಮ್ಮನಿಗೆ ಶುಗರ್ ಇದ್ದರೆ ಡಾಕ್ಟರ್‌ಗೆ ಈಗಲೇ ಹೇಳಿ. ಬೆರಳು ಮರಗಟ್ಟಿದರೆ, ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.