ಮಳೆಗಾಲ ದಾಟಿ ಉಳಿಯುವ ಫೋಟೋ ಉಡುಗೊರೆ

ದೀಪಾವಳಿಗೆ ಮಂಗಳೂರಿನ ಮನೆಗೆ ಬರುವ ಹತ್ತು ಮಂದಿ ನೆಂಟರಿಗೂ ಗೆಳೆಯರಿಗೂ ತಲಾ ಇನ್ನೂರು ರೂಪಾಯಿಯೊಳಗೆ ಫೋಟೋ ಇರುವ ಉಡುಗೊರೆ ಕೊಡಬೇಕು, ಎಲ್ಲರೂ ಕೊಡುವ ಮಗ್ ಬಿಟ್ಟು ಬೇರೆ ಏನು ಮಾಡಬಹುದು ಎಂದು ಕೇಳಿದ್ದೀರಿ. ನಾನು ಉಡುಪಿಯವಳು, ಐದಾರು ವರ್ಷಗಳಿಂದ ಮನೆಮಂದಿಗೆ ಇಂಥವನ್ನು ನಾನೇ ಮಾಡಿ ಕೊಡುತ್ತಿರುವುದರಿಂದ ಕೆಟ್ಟುಹೋದವುಗಳ ಲೆಕ್ಕವೂ ನನ್ನ ಬಳಿ ಇದೆ. ಒಳ್ಳೆಯ ಪ್ರಿಂಟಿಗೂ, ಆ ಪ್ರಿಂಟು ನಮ್ಮ ಮಳೆಗಾಲವನ್ನು ದಾಟುವಂತೆ ನೋಡಿಕೊಳ್ಳುವ ಒಂದು ತುಂಡು ರಟ್ಟಿಗೂ ದುಡ್ಡು ಹಾಕಿದರೆ ನಿಮ್ಮ ಬಜೆಟ್ ಧಾರಾಳವಾಗಿ ಸಾಕಾಗುತ್ತದೆ.

ರಟ್ಟಿನ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಮ್ಮ ದೊಡ್ಡಮ್ಮನೂ ಅವರ ಇಬ್ಬರು ತಂಗಿಯರೂ ಮದುವೆಗೆ ಮುಂಚೆ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಒಂದು ಕಪ್ಪು ಬಿಳುಪು ಫೋಟೋ ಇದೆ: ಬಣ್ಣದಲ್ಲಿ ಬರೆದ ಕೊಳದ ಪರದೆಯ ಎದುರು ಮೂವರೂ ಮಲ್ಲಿಗೆ ಮುಡಿದ ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಉಸಿರು ಬಿಗಿಹಿಡಿದವರಂತೆ ನಿಂತಿದ್ದಾರೆ. ಅದರ ಮೂರು ಪ್ರತಿ ಮಾಡಿಸಿ, ಕಟ್ಟು ಹಾಕಿಸಿ, ಮೂವರಿಗೂ ಕೊಟ್ಟೆ. ಮುಂದಿನ ಆಟಿ (ಮಳೆ ಜೋರಾಗಿರುವ ತುಳು ತಿಂಗಳು) ಬರುವಷ್ಟರಲ್ಲಿ ಮೂರರಲ್ಲಿ ಎರಡು ಗಾಜಿಗೆ ಅಂಟಿಕೊಂಡಿದ್ದವು. ನಡುವೆ ನಿಂತ ಚಿಕ್ಕಮ್ಮನ ಮುಖದ ಮೇಲೆ ಎಣ್ಣೆ ಚೆಲ್ಲಿದಂಥ ಕಲೆ ಎದ್ದಿತ್ತು. ಸ್ಟುಡಿಯೋದ ಫೋಟೋ ಕಾಗದದ ಮೇಲ್ಪದರ ಸಾಮಾನ್ಯವಾಗಿ ಜೆಲಟಿನ್ನಿನದು. ಅದು ಗಾಳಿಯ ತೇವವನ್ನು ಹೀರಿ, ಉಬ್ಬಿ, ಮೆತ್ತಗಾದಾಗ ತನ್ನನ್ನು ಮುಟ್ಟಿಕೊಂಡಿರುವ ಗಾಜಿಗೆ ಹತ್ತಿಕೊಳ್ಳುತ್ತದೆ, ಆಮೇಲೆ ಎಳೆದರೆ ಚಿತ್ರ ಗಾಜಿನಲ್ಲೇ ಉಳಿಯುತ್ತದೆ. (ನಿಮ್ಮ ಮನೆಯ ಹಳೆಯ ಫೋಟೋ ಯಾವುದಾದರೂ ಹೀಗೆ ಅಂಟಿದ್ದರೆ ದಯವಿಟ್ಟು ಬಿಡಿಸಲು ಹೋಗಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ.)

ಪರಿಹಾರ ಬಹಳ ಅಗ್ಗದ್ದು. ಫೋಟೋ ಮತ್ತು ಗಾಜಿನ ನಡುವೆ, ಕಿಟಕಿಯಂತೆ ಕೊರೆದ ಮೌಂಟ್ ಬೋರ್ಡ್ ಎಂಬ ದಪ್ಪ ಬಿಳಿ ರಟ್ಟನ್ನು ಇಡಬೇಕು. ಅದರ ದಪ್ಪದಷ್ಟು ಅಂತರ ಇದ್ದರೆ ಸಾಕು. 4×6 ಇಂಚಿನ ಫೋಟೋಕ್ಕೆ 6×8 ಇಂಚಿನ ಫ್ರೇಮ್ ಕೊಂಡು, ರಟ್ಟಿನ ನಡುವೆ 3¾×5¾ ಇಂಚಿನ ಕಿಟಕಿಯನ್ನು ಹೊಸ ಬ್ಲೇಡು ಮತ್ತು ಉಕ್ಕಿನ ಸ್ಕೇಲಿನಿಂದ ಕೊರೆಯಿರಿ. ಒಂದೇ ಸಲ ಒತ್ತಿ ಕೊಯ್ಯುವುದಕ್ಕಿಂತ ನಾಲ್ಕೈದು ಸಲ ಹಗುರವಾಗಿ ಎಳೆದರೆ ಅಂಚು ನೇರವಾಗಿ ಬರುತ್ತದೆ. ಫ್ರೇಮಿನ ಹಿಂಬದಿಯ ಕೆಳಮೂಲೆಗಳಿಗೆ ರಬ್ಬರಿನ ಎರಡು ಚೂರು ಅಂಟಿಸಿದರೆ ಗೋಡೆಯ ಥಂಡಿಯೂ ನೇರವಾಗಿ ತಗಲುವುದಿಲ್ಲ. ಬಿಳಿ ಅಂಚು ಬಂದ ಮೇಲೆ ಫೋಟೋಕ್ಕೆ ಬರುವ ಗಾಂಭೀರ್ಯ ಬೇರೆಯೇ, ಅಂಗಡಿಯಿಂದ ತಂದದ್ದೆಂದೇ ನೋಡಿದವರು ತಿಳಿಯುತ್ತಾರೆ.

ಪ್ರಿಂಟ್ ಕೆಡುವುದಕ್ಕೆ ಹೆಚ್ಚಾಗಿ ಸ್ಟುಡಿಯೋದವರು ಕಾರಣರಲ್ಲ, ನಾವು ಕಳಿಸುವ ಫೈಲೇ ಕಾರಣ. ವಾಟ್ಸ್ಯಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೋ ಸುಮಾರು 1600 ಪಿಕ್ಸೆಲ್ ಉದ್ದಕ್ಕೆ ಕುಗ್ಗಿಬಿಡುತ್ತದೆ. ಅದು 4×6 ಇಂಚಿಗೆ ಹೇಗೋ ಸಾಲುತ್ತದೆ, 8×12 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 133 ಪಿಕ್ಸೆಲ್ ಮಾತ್ರ ಸಿಕ್ಕಿ ಮುಖಗಳು ಮಸುಕಾಗುತ್ತವೆ. ಆದ್ದರಿಂದ ನೆಂಟರಿಂದ ಫೋಟೋ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಇನ್ನೊಂದು ಮೋಸ ಅಳತೆಯದು. ಮೊಬೈಲಿನ ಫೋಟೋ ಸಾಮಾನ್ಯವಾಗಿ 4:3 ಪ್ರಮಾಣದ್ದು, 4×6 ಕಾಗದ 3:2 ಪ್ರಮಾಣದ್ದು; ಕಾಗದ ತುಂಬಿಸಿದಾಗ ಒಂಬತ್ತರಲ್ಲಿ ಒಂದು ಪಾಲು ಕತ್ತರಿಗೆ ಹೋಗುತ್ತದೆ, ಹಿಂದಿನ ಸಾಲಿನಲ್ಲಿ ನಿಂತ ಎತ್ತರದ ಭಾವಂದಿರ ತಲೆ ಹಾರುವುದು ಹಾಗೆಯೇ. ಮನೆಯಲ್ಲೇ 3:2ಕ್ಕೆ ಕತ್ತರಿಸಿಕೊಂಡು ಹೋದರೆ ಈ ಕಿರಿಕಿರಿ ಇಲ್ಲ.

ಗೆಳೆಯರಿಗೆ ಫ್ರೇಮ್‌ಗಿಂತ ಅಗ್ಗವಾದ ಮ್ಯಾಗ್ನೆಟ್ ಸಾಕು. 4×6 ಇಂಚಿನ ಒಂದು ಪ್ರಿಂಟಿನಲ್ಲಿ 2×3 ಇಂಚಿನ ನಾಲ್ಕು ಚಿತ್ರ ಕೂರುತ್ತವೆ. ಹಿಂಬದಿಯಲ್ಲಿ ಅಂಟು ಇರುವ ಒಂದು ಎ4 ಮ್ಯಾಗ್ನೆಟ್ ಹಾಳೆಗೆ ಇಂಥ ಮೂರು ಪ್ರಿಂಟು, ಎಂದರೆ ಹನ್ನೆರಡು ಚಿತ್ರ, ಹಿಡಿಸುತ್ತವೆ. ಗಾಜಿನ ಬಾಗಿಲಿನ ಹೊಸ ಫ್ರಿಜ್‌ಗೆ ಇವು ಹಿಡಿಯುವುದಿಲ್ಲ, ಆದರೆ ಕಬ್ಬಿಣದ ಗೋದ್ರೇಜ್ ಕಪಾಟು ಇಲ್ಲದ ಮನೆ ನಮ್ಮ ಕಡೆ ಅಪರೂಪ.

ಕ್ಯಾಲೆಂಡರಿಗೆ ಸ್ವಲ್ಪ ಹೆಚ್ಚು ಕೆಲಸವಿದೆ, ಖರ್ಚೂ ನಿಮ್ಮ ಮಿತಿಯ ಅಂಚಿಗೆ ಬರಬಹುದು. ನಾನು ಒಂದು ವರ್ಷ ಬಿಸುವಿಗೆಂದು, ಎಂದರೆ ತುಳುವರ ಹೊಸವರ್ಷಕ್ಕೆಂದು, ಪಗ್ಗುವಿನಿಂದ ಸುಗ್ಗಿಯವರೆಗಿನ ತುಳು ತಿಂಗಳುಗಳಿಗೆ ಹನ್ನೆರಡು ಹಾಳೆ ಮಾಡಿ, ಮನೆಮಂದಿಯ ಹುಟ್ಟುಹಬ್ಬಗಳನ್ನೂ ಊರ ಜಾತ್ರೆಯ ದಿನವನ್ನೂ ಆಯಾ ಚೌಕದಲ್ಲಿ ಬರೆದು, ಮಣಿಪಾಲದ ಝೆರಾಕ್ಸ್ ಅಂಗಡಿಯೊಂದರಲ್ಲಿ ಸ್ಪೈರಲ್ ಹಾಕಿಸಿದ್ದೆ. ಹೊಳಪಿಲ್ಲದ ದಪ್ಪ ಕಾಗದದಲ್ಲಿ ಲೇಸರ್ ಪ್ರಿಂಟ್ ಮಾಡಿಸಿದರೆ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲವನ್ನೂ ಅದರ ಮೇಲೆ ಬರೆಯಬಹುದು. ಮನೆಯ ಇಂಕ್‌ಜೆಟ್‌ನಲ್ಲಿ ತೆಗೆದದ್ದು ಅಡುಗೆಮನೆಯ ಒದ್ದೆ ಕೈ ತಾಗಿದರೆ ಕದಡಿಹೋಗುವ ಸಂಭವ ಹೆಚ್ಚು.

ಮಗ್ ಬೇಡವೆಂದದ್ದು ಒಳ್ಳೆಯದೇ ಆಯಿತು. ಪಾಲಿಮರ್ ಲೇಪನ ಇರುವ ಮಗ್ಗಿಗೆ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶಾಯಿ ಇಳಿಸುವ ಕೆಲಸವಾದ್ದರಿಂದ ಯಂತ್ರವಿಲ್ಲದೆ ಮನೆಯಲ್ಲಿ ಮಾಡಲಾಗದು. ಮಾಡಿಸಿ ಕೊಟ್ಟದ್ದೂ ಕೊನೆಗೆ ಪೆನ್ನು ಸಿಕ್ಕಿಸಿಡುವ ಡಬ್ಬಿಯಾಗುವುದನ್ನೇ ನಾನು ಕಂಡಿದ್ದೇನೆ.

ಯಾವುದನ್ನೇ ಮಾಡಿದರೂ ಫೋಟೋದಲ್ಲಿ ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ದೊಡ್ಡವರನ್ನು ಕೇಳಿ ಬರೆಯಿರಿ. ಪ್ಲಾಸ್ಟಿಕ್ ಪದರವಿರುವ ಈಗಿನ ಫೋಟೋ ಕಾಗದದ ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ, ಜೆಲ್ ಪೆನ್ನು ಒರೆಸಿಹೋಗುತ್ತದೆ; ಹಾಗಾಗಿ ಬಿಡಿ ಚೀಟಿಯಲ್ಲಿ ಬರೆದು ಫ್ರೇಮಿನ ಹಿಂದಿನ ರಟ್ಟಿಗೆ ಅಂಟಿಸಬೇಕು. ಹೀಗೆ ಕೇಳಲು ಹೋದಾಗಲೇ, ಮೂವರು ಅಕ್ಕತಂಗಿಯರ ಆ ಫೋಟೋದಲ್ಲಿ ಮೂವರ ಕೊರಳಲ್ಲೂ ಕಾಣುವ ಸರಗಳಲ್ಲಿ ಸ್ವಂತದ್ದು ಒಬ್ಬರದೇ, ಉಳಿದಿಬ್ಬರದು ನೆರೆಮನೆಯಿಂದ ತಂದದ್ದು ಎಂದು ದೊಡ್ಡಮ್ಮ ನಗುತ್ತಾ ಹೇಳಿದ್ದು. ಅದನ್ನೂ ಚೀಟಿಗೆ ಸೇರಿಸಿದ್ದೇನೆ.

ಹತ್ತನ್ನೂ ಒಟ್ಟಿಗೆ ಪ್ರಿಂಟಿಗೆ ಕೊಡುವ ಮೊದಲು ಒಂದೇ ಪ್ರಿಂಟ್ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ. ಮೊಬೈಲ್ ಪರದೆಯಲ್ಲಿ ಬೆಳ್ಳಗೆ ಕಂಡದ್ದು ಕಾಗದದಲ್ಲಿ ಕಪ್ಪಾಗಿ ಬರುವುದು ಸಾಮಾನ್ಯ, ಸ್ವಲ್ಪ ಬೆಳಕು ಹೆಚ್ಚಿಸಿ ಉಳಿದ ಒಂಬತ್ತನ್ನು ತೆಗೆಸಬಹುದು.