ಅಲಮಾರಿಯಲ್ಲಿದ್ದ ಎನ್‌ಸಿಬಿ (ನೋ ಕ್ಲೈಮ್ ಬೋನಸ್) ಪತ್ರ: ಒಂದು ಆಪ್ತಸಲಹೆ ಪ್ರಕರಣ

ಕಲಬುರಗಿಯ ಒಂದು ಕುಟುಂಬದ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ, ಬಡಾವಣೆಯ ವಿವರಗಳನ್ನು ಬದಲಿಸಿದ್ದೇನೆ. ಹಣದ ಅಂಕಿಗಳನ್ನೂ ತುಸು ಹೊಂದಿಸಿದ್ದೇನೆ, ಆದರೆ ಲೆಕ್ಕದ ರೀತಿ ಅವರದೇ. ನಾನು ಕುಟುಂಬ ಆಪ್ತಸಲಹೆಗಾರ್ತಿಯೇ ಹೊರತು ವಿಮೆ ಮಾರುವವಳಲ್ಲ. ಆದರೂ ಈ ಮನೆಯ ಜಗಳ ಬಿಡಿಸಲು ಪಾಲಿಸಿಯ ಕಾಗದವನ್ನು ಸಾಲು ಸಾಲಾಗಿ ಓದುವುದು ಅನಿವಾರ್ಯವಾಯಿತು.

ಮೊದಲು ಬಂದವರು ತಾಯಿ. "ಕಾರಿನ ಇನ್ಶೂರೆನ್ಸ್ ಸಲುವಾಗಿ ಅಪ್ಪ ಮಗ ಮಾತು ಬಿಟ್ಟಾರ್ರೀ. ಎಂಟು ದಿನ ಆತು, ಒಬ್ಬರು ಉಂಡು ಎದ್ದ ಮ್ಯಾಲೆ ಇನ್ನೊಬ್ಬರು ಕೂಡ್ತಾರ" ಎಂದರು. ತಂದೆ ನಿವೃತ್ತ ಶಾಲಾ ಮಾಸ್ತರರು. ಮಗನಿಗೆ 23 ವರ್ಷ; ಖಾಸಗಿ ಪ್ರಯೋಗಾಲಯವೊಂದರಲ್ಲಿ ಪಾಳಿ ಕೆಲಸ. ಲೈಸೆನ್ಸ್ ಬಂದು ನಾಲ್ಕು ತಿಂಗಳಾಗಿತ್ತು. ತನ್ನ ಸಂಬಳದ ಉಳಿತಾಯಕ್ಕೆ ಸ್ವಲ್ಪ ಸಾಲ ಸೇರಿಸಿ, ನಾಲ್ಕು ವರ್ಷ ಹಳೆಯದಾದ, 1,197 ಸಿಸಿ ಎಂಜಿನ್ನಿನ ಪೆಟ್ರೋಲ್ ಕಾರೊಂದನ್ನು ಆತ ಕೊಂಡಿದ್ದ.

ಮುಂದಿನ ವಾರ ಮೂವರೂ ಬಂದರು. ಮಗನ ಮೊಬೈಲಿನಲ್ಲಿ ಏಜೆಂಟರು ಕಳಿಸಿದ ಕೊಟೇಶನ್ ಇತ್ತು: 18,816 ರೂಪಾಯಿ. "ನಾ ಸಣ್ಣವ ಅದೀನಿ, ಹೊಸದಾಗಿ ಹೊಡೀತೀನಿ ಅಂತ ಇಷ್ಟು ಹಾಕ್ಯಾರ್ರೀ. ಇಂಗ್ಲೆಂಡಿನಾಗ ಇರೋ ನನ್ನ ದೋಸ್ತಗೂ ಹಿಂಗೇ ಹಾಕ್ಯಾರ" ಎಂಬುದು ಅವನ ದೂರು. ತಂದೆಯ ಮಾತು ಅದಕ್ಕಿಂತ ಚಿಕ್ಕದು: "ನನ್ನ ಹೆಸರಿಲೆ ಮಾಡಿಸಿದ್ರ ನಾಕು ಸಾವಿರ ಉಳೀತದ. ಇದರಾಗ ಮರ್ಯಾದಿ ಪ್ರಶ್ನೆ ಎಲ್ಲಿಂದ ಬಂತು?" ಕಾರು ತನ್ನ ಹೆಸರಿಗೇ ಆಗಬೇಕೆಂದು ಮಗ, ತಮ್ಮ ಹೆಸರಿಗೇ ಆಗಬೇಕೆಂದು ತಂದೆ. ಮಗನ ಕಣ್ಣಿಗೆ ಅದು ಹಿಡಿತ ಬಿಡದ ಹಠವಾಗಿ ಕಂಡಿತ್ತು.

ಸಂಬಂಧದ ಮಾತಿಗೆ ಕೈಹಾಕುವ ಮೊದಲು ನಾನು ಕೇಳಿದ ಪ್ರಶ್ನೆ ಒಂದೇ: ಕಾರು ಕೈಗೆ ಬಂದು ಎಷ್ಟು ದಿನವಾಯಿತು? ಹತ್ತೊಂಬತ್ತು ದಿನ ಎಂದರು. ಮಾರಿದವರು ಸಹಿ ಹಾಕಿಕೊಟ್ಟ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30, ಯಾರ ಹೆಸರು ಬರೆಯಬೇಕೆಂಬ ವಾದದಲ್ಲಿ ಹಾಗೆಯೇ ಉಳಿದಿದ್ದವು. ಮಗ ಮಾತ್ರ ದಿನವೂ ಅದೇ ಕಾರಿನಲ್ಲಿ ರಿಂಗ್ ರೋಡಿನ ಮೇಲೆ ಕೆಲಸಕ್ಕೆ ಹೋಗಿ ಬರುತ್ತಿದ್ದ. ಹಳೆಯ ಮಾಲೀಕರ ಪಾಲಿಸಿಗೆ ಇನ್ನೂ ಕೆಲವು ದಿನ ಅವಧಿ ಇದೆಯಲ್ಲ ಎಂಬ ಧೈರ್ಯ ಇಬ್ಬರಿಗೂ ಇತ್ತು. ಆ ಧೈರ್ಯ ಅರ್ಧ ಮಾತ್ರ ಸರಿ. ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ ವಾಹನ ಕೈಬದಲಾದಾಗ ಥರ್ಡ್ ಪಾರ್ಟಿ ರಕ್ಷಣೆ ಹೊಸ ಮಾಲೀಕನಿಗೆ ತಾನಾಗಿಯೇ ವರ್ಗವಾಗುತ್ತದೆ, ಅಂದರೆ ಕಾರು ಬೇರೆಯವರಿಗೆ ಹಾನಿ ಮಾಡಿದರೆ ಕಂಪನಿ ಹೊಣೆ ಹೊರುತ್ತದೆ; ಆದರೆ ಸ್ವಂತ ಕಾರಿನ ಹಾನಿಯ ಭಾಗ ಹಾಗೆ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊಂಡವನು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಆರ್‌ಸಿ ವರ್ಗಾವಣೆಗೆ ಕೊಂಡವನಿಗಿರುವ ಗಡುವು 30 ದಿನ. ಇವರು ಮೊದಲ ಗಡುವನ್ನು ಆಗಲೇ ದಾಟಿದ್ದರು. ಕಾಗದ ಆಗುವವರೆಗೆ ಕಾರು ಗೇಟಿನೊಳಗೇ ಇರಲಿ ಎಂದು ನಾನು ಹೇಳಿದಾಗ ಮಗ ತಲೆ ತಗ್ಗಿಸಿದ. ಅಂಗಳದ ಶಹಾಬಾದ್ ಕಲ್ಲಿನ ಅಂಚಿಗೆ ಮುಂದಿನ ಬಂಪರ್ ಆಗಲೇ ಒಮ್ಮೆ ಉಜ್ಜಿತ್ತೆಂಬುದನ್ನು ತಾಯಿ ಆಗ ಹೇಳಿದರು.

ಆಮೇಲೆ ಕೊಟೇಶನ್ ಮುದ್ರಿಸಿ ಮೇಜಿನ ಮೇಲಿಟ್ಟೆ. ಮಾಸ್ತರರು ಜೇಬಿನಿಂದ ಕೆಂಪು ಪೆನ್ನು ತೆಗೆದರು.

ಥರ್ಡ್ ಪಾರ್ಟಿ 3,416 ರೂಪಾಯಿ. 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರುಗಳಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ, ಕೇಂದ್ರ ಸರಕಾರವೇ ನಿಗದಿ ಮಾಡಿದ ದರವಿದು. ಚಾಲಕನ ವಯಸ್ಸು ಹದಿನೆಂಟಿರಲಿ ಅರವತ್ತಿರಲಿ, ಇದರಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಸ್ವಂತ ಹಾನಿಯ ಭಾಗ 6,800; ಇದು ಮುಖ್ಯವಾಗಿ ಕಾರಿನ ವಿಮಾ ಮೌಲ್ಯ, ಎಂಜಿನ್ನಿನ ಗಾತ್ರ, ವಾಹನದ ವಯಸ್ಸು ಮತ್ತು ನೋಂದಣಿಯ ಊರನ್ನು ನೋಡಿ ಕಟ್ಟಿದ ಮೊತ್ತ. ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಗೆ 330. ಉಳಿದ 5,400 ರೂಪಾಯಿ ಬೇಕಾದರೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆಗಳು, ಅಂದರೆ ಆಡ್-ಆನ್‌ಗಳದು: ಜೀರೋ ಡೆಪ್ (ಬಿಡಿಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದಿರುವ ರಕ್ಷಣೆ), ಎಂಜಿನ್ ರಕ್ಷಣೆ, ಟೈರ್, ಕಳೆದ ಕೀಲಿ, ಆಯಿಲು-ನಟ್ಟುಗಳ ಖರ್ಚು, ದಾರಿ ನೆರವು. ಎಲ್ಲದರ ಮೇಲೆ ಶೇ. 18 ಜಿಎಸ್‌ಟಿ. ಇಂಗ್ಲೆಂಡಿನ ಸ್ನೇಹಿತನ ಕಥೆ ಬೇರೆ. ಅಲ್ಲಿ ಚಾಲಕನ ವಯಸ್ಸು, ಅನುಭವಗಳೇ ಪ್ರೀಮಿಯಮ್ಮನ್ನು ನಿರ್ಧರಿಸುವುದರಿಂದ ಹೊಸ ಹುಡುಗರಿಗೆ ನಿಜಕ್ಕೂ ದುಬಾರಿ ಬೀಳುತ್ತದೆ, ಮತ್ತು ಮಗ ಹೊಡೆಯುವ ಕಾರಿಗೆ ಅಪ್ಪನನ್ನು ಮುಖ್ಯ ಚಾಲಕನೆಂದು ತೋರಿಸುವುದನ್ನು ಅಲ್ಲಿ ವಂಚನೆಯೆಂದೇ ಎಣಿಸುತ್ತಾರೆ. ನಮ್ಮಲ್ಲಿ ಪಾಲಿಸಿ ಇರುವುದು ಮಾಲೀಕನ ಹೆಸರಿನಲ್ಲಿ. ಅವನ ಒಪ್ಪಿಗೆಯಿಂದ ಲೈಸೆನ್ಸ್ ಇರುವ ಯಾರು ಓಡಿಸಿದರೂ ಕಾರಿಗೆ ರಕ್ಷಣೆ ಉಂಟು. ಹೊಸಬನಿಗೆ ಇಲ್ಲಿ ಇಲ್ಲದಿರುವುದು ವಯಸ್ಸಲ್ಲ, ಕ್ಲೈಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಭಾಗದಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೈಮ್ ಬೋನಸ್, ಅಂದರೆ ಎನ್‌ಸಿಬಿ.

ಆಗ ಮಾಸ್ತರರು ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಪತ್ರ ತೆಗೆದರು. ಎರಡು ವರ್ಷದ ಹಿಂದೆ ಕಣ್ಣಿನ ತೊಂದರೆಯಿಂದ ತಮ್ಮ ಕಾರು ಮಾರಿದಾಗ ಕಂಪನಿಯಿಂದ ಕೇಳಿ ಪಡೆದ ಎನ್‌ಸಿಬಿ ಪತ್ರವದು: ಶೇ. 50. ಒಂದೂ ಕ್ಲೈಮ್ ಇಲ್ಲದ ಐದು ವರ್ಷಗಳಲ್ಲಿ 20, 25, 35, 45, 50 ಎಂದು ಮೆಟ್ಟಿಲು ಹತ್ತಿ ಗಳಿಸುವ ರಿಯಾಯಿತಿ ಇದು; ಕಾರಿಗಲ್ಲ, ಮಾಲೀಕನಿಗೆ ಸೇರಿದ್ದು; ಹಳೆಯ ಕಾರು ಮಾರಿದ ಮೂರು ವರ್ಷದೊಳಗೆ ಅದೇ ಮಾಲೀಕ ಇನ್ನೊಂದು ಕಾರು ಕೊಂಡರೆ ಅದಕ್ಕೆ ಬಳಸಬಹುದು. ಹೊಲದ ಪಹಣಿಗಳ ಜೊತೆ ಅಲಮಾರಿಯಲ್ಲಿ ಅದನ್ನು ಜೋಪಾನ ಮಾಡಿದ್ದರು. "ಇವನಿಗೆ ಅಂತ್ಲೇ ಇಟ್ಟಿದ್ದೆ" ಎಂದರು. ಮಗ ಮೊದಲ ಬಾರಿಗೆ ತಂದೆಯ ಮುಖ ನೋಡಿದ. ತಾನು ಹಿಡಿತವೆಂದುಕೊಂಡದ್ದು ಅವರ ಮಟ್ಟಿಗೆ ಉಡುಗೊರೆಯಾಗಿತ್ತೆಂಬುದು ಅವನಿಗೆ ತಿಳಿದಿರಲಿಲ್ಲ. ಅವರೂ ಬಾಯಿಬಿಟ್ಟು ಹೇಳಿರಲಿಲ್ಲ.

ತಂದೆ ಬದುಕಿರುವಾಗ ಎನ್‌ಸಿಬಿಯನ್ನು ಮಗನಿಗೆ ಕೊಡಲು ಬರುವುದಿಲ್ಲ. ಮಾಲೀಕ ತೀರಿಕೊಂಡರೆ ಮಾತ್ರ ಅದು ವಾರಸುದಾರನಿಗೆ ಹೋಗಬಹುದು. ಇದನ್ನು ಹೇಳುವಾಗ ನನಗೇ ಇರುಸುಮುರುಸಾಯಿತು. ಏಜೆಂಟರು ಇದಕ್ಕೂ ಒಂದು ಉಪಾಯ ಸೂಚಿಸಿದ್ದರಂತೆ: ಪಾಲಿಸಿ ಮಗನ ಹೆಸರಿನಲ್ಲೇ ಇರಲಿ, ಅರ್ಜಿಯಲ್ಲಿ ಮಾತ್ರ ಶೇ. 50 ಎಂದು ಬರೆಯೋಣ, ಯಾರು ನೋಡುತ್ತಾರೆ? ಕ್ಲೈಮ್ ಬಂದ ದಿನ ಕಂಪನಿ ಹಿಂದಿನ ಕಂಪನಿಯನ್ನು ಕೇಳುತ್ತದೆ, ಮತ್ತು ಸುಳ್ಳು ಘೋಷಣೆ ಎಂದಾದರೆ ಸ್ವಂತ ಹಾನಿಯ ಪರಿಹಾರ ಪೂರ್ತಿ ಕೈತಪ್ಪುತ್ತದೆ. ಇದರ ಬಗ್ಗೆ ಹೆಚ್ಚು ಚರ್ಚೆಗೆ ನಾನು ಎಡೆಗೊಡಲಿಲ್ಲ.

ಉಳಿದದ್ದು ತಂದೆಯ ಹೆಸರಿಗೆ ಕಾರು ಮಾಡಿಸುವ ದಾರಿ. ಅದು ಕಾನೂನಿಗೆ ವಿರುದ್ಧವಲ್ಲ. 6,800ರಲ್ಲಿ 3,400 ಕಡಿಮೆಯಾಗಿ, ಜಿಎಸ್‌ಟಿ ಸೇರಿ 4,012 ರೂಪಾಯಿ ಉಳಿಯುತ್ತದೆ. ಮಾಸ್ತರರ ಲೆಕ್ಕ ತಪ್ಪಿರಲಿಲ್ಲ. ಆದರೆ ಅವರು ಇಷ್ಟೊಂದು ಬಿಗಿಯಾಗಿ ಹಿಡಿದದ್ದು ನಾಲ್ಕು ಸಾವಿರಕ್ಕಾಗಿ ಎಂದು ನನಗೆ ಅನ್ನಿಸಲಿಲ್ಲ. ಅವರೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದಾಗ ತಮ್ಮನ ವಿಷಯ ಬಂತು. ಬಹಳ ವರ್ಷಗಳ ಹಿಂದೆ, ಸಂಬಂಧಿಕರೊಬ್ಬರ ಬೈಕ್ ಕೇಳಿ ಒಯ್ದಿದ್ದ ಅವರ ತಮ್ಮ ಜೇವರ್ಗಿ ರಸ್ತೆಯಲ್ಲಿ ನಿಂತಿದ್ದ ಎತ್ತಿನ ಬಂಡಿಗೆ ಗುದ್ದಿ ತೀರಿಕೊಂಡಿದ್ದರು. ವಿಮೆ ಇತ್ತು, ಲೈಸೆನ್ಸ್ ಇತ್ತು, ಆದರೂ ಹೆಂಡತಿ ಮಕ್ಕಳಿಗೆ ಪರಿಹಾರ ದಕ್ಕಲಿಲ್ಲ. "ಎಲ್ಲಾ ಕಾಗದ ನನ್ನ ಹೆಸರಿಲೆ ನನ್ನ ಕೈಯಾಗ ಇದ್ರ, ಇವಗ ಹಂಗ ಆಗೂದಿಲ್ಲ ಅಂತ ನನ್ನ ವಿಚಾರ" ಎಂದರು.

ಇಲ್ಲಿ ನಾನು ನಿಧಾನವಾಗಿ, ಒಂದೊಂದೇ ಮಾತನ್ನು ಅಳೆದು ಹೇಳಬೇಕಾಯಿತು. ಬೇರೆಯವರ ವಾಹನವನ್ನು ಕೇಳಿ ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಅದೇ ಪಾಲಿಸಿಯ ಮುಂದೆ ಮೂರನೆಯ ವ್ಯಕ್ತಿಯಾಗಿ ಕೈಚಾಚಲು ಬರುವುದಿಲ್ಲವೆಂದು, ಕರ್ನಾಟಕದಿಂದಲೇ ಹೋದ ಒಂದು ಬೈಕ್ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಟ್ಟಿದೆ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಲ್ಲುವುದೂ ಲೈಸೆನ್ಸ್ ಇರುವ ನೋಂದಾಯಿತ ಮಾಲೀಕನಿಗೆ ಮಾತ್ರ. ಕಾರು ತಂದೆಯ ಹೆಸರಿನಲ್ಲಿದ್ದು, ತಂದೆ ಓಡಿಸದೆ, ದಿನವೂ ಮಗನೇ ಓಡಿಸಿದರೆ, ಓಡಿಸದವರಿಗೆ ರಕ್ಷಣೆ ಇದ್ದು ಓಡಿಸುವವನು ಹೊರಗೆ ಉಳಿಯುತ್ತಾನೆ. "ಸರ್, ನಿಮ್ಮ ತಮ್ಮ ನಿಂತ ಜಾಗದಲ್ಲೇ ಆಗ ನಿಮ್ಮ ಮಗ ನಿಲ್ಲುತ್ತಾನೆ" ಎಂದೆ. ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿ ಬಹಳ ಹೊತ್ತು ಸುಮ್ಮನಿದ್ದರು. ಬೇರೆ ಪಾಲಿಸಿಯಿಂದ ಈ ಕೊರತೆ ತುಂಬಬಹುದು ಎಂಬುದನ್ನೂ ಹೇಳಿದೆ; ಆದರೆ ಆ ಹೊತ್ತಿಗೆ ಅವರ ಮನಸ್ಸು ನಿರ್ಧಾರಕ್ಕೆ ಬಂದಿತ್ತು.

ಮೂರನೆಯ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು. ದುಡ್ಡು ಕೊಟ್ಟವನೂ ಓಡಿಸುವವನೂ ಮಗನೇ ಆದ್ದರಿಂದ ಆರ್‌ಸಿ ಮತ್ತು ಪಾಲಿಸಿ ಅವನ ಹೆಸರಿನಲ್ಲೇ ಇರಲಿ, 15 ಲಕ್ಷದ ರಕ್ಷಣೆಯನ್ನು ಬಿಡಬೇಡಿ. ಉಳಿಸುವುದಿದ್ದರೆ ಆಡ್-ಆನ್‌ಗಳಲ್ಲಿ ಉಳಿಸಿ. ಜೀರೋ ಡೆಪ್ ಒಂದನ್ನು ಇಟ್ಟುಕೊಳ್ಳಿ, ಏಕೆಂದರೆ ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ, ಈಗಿನ ಕಾರಿನ ಮುಂಭಾಗವೋ ಬಹುಪಾಲು ಪ್ಲಾಸ್ಟಿಕ್ಕೇ. ಕೀಲಿ, ಟೈರು, ಉಳಿದವು ಈ ಕಾರಿಗೆ ಈ ವರ್ಷ ಬೇಡ. ಎಂಜಿನ್ ರಕ್ಷಣೆ ಮಳೆನೀರು ನಿಲ್ಲುವ ಓಣಿಯವರಿಗೆ ಉಪಯುಕ್ತ. ಇವರ ಮನೆ ಎತ್ತರದಲ್ಲಿದೆ. ಜೀರೋ ಡೆಪ್‌ನ 1,900 ಸೇರಿ ಜಿಎಸ್‌ಟಿ ಸಹಿತ ಮೊತ್ತ 14,686 ರೂಪಾಯಿ ಆಯಿತು. ತಂದೆಯ ಹೆಸರಿನಲ್ಲಿ, ಅವರ ಎನ್‌ಸಿಬಿ ಬಳಸಿ, ಏಜೆಂಟರ ಎಲ್ಲ ಆಡ್-ಆನ್‌ಗಳ ಸಮೇತ ಲೆಕ್ಕ ಹಾಕಿದರೆ 14,804 ಬರುತ್ತಿತ್ತು. ಪ್ರೀಮಿಯಂ ಇಳಿಸಲೆಂದು ಕಾರಿನ ವಿಮಾ ಮೌಲ್ಯವನ್ನು ತಗ್ಗಿಸುವ ಮಾತು ಬಂದರೆ ಒಪ್ಪಬೇಡಿ ಎಂದೂ ಸೇರಿಸಿದೆ. ಕಾರು ಕಳುವಾದರೆ ಸಿಗುವುದು ಆ ಮೊತ್ತವೇ.

ಬಂಪರಿನ ಗೀರಿಗೆ ಕ್ಲೈಮ್ ಹಾಕಲು ದಾರಿಯೇ ಇರಲಿಲ್ಲ, ಅದು ಹೊಸ ಪಾಲಿಸಿಗೆ ಮೊದಲಿನದು. ಮುಂದೆ ಇಂಥದ್ದಾದರೆ ಏನು ಮಾಡಬೇಕೆಂಬ ಲೆಕ್ಕವನ್ನು ಮಾತ್ರ ಮಾಸ್ತರರೇ ಮಗನಿಗೆ ಬರೆದು ತೋರಿಸಿದರು. ಕ್ಲೈಮ್ ಇಲ್ಲದಿದ್ದರೆ ಮುಂದಿನ ವರ್ಷಗಳಲ್ಲಿ ರಿಯಾಯಿತಿ 20, 25, 35, 45, 50. ಮೊದಲ ವರ್ಷವೇ ಒಂದು ಕ್ಲೈಮ್ ಮಾಡಿದರೆ 0, 20, 25, 35, 45. ಎರಡು ಸಾಲುಗಳ ವ್ಯತ್ಯಾಸ ಕೂಡಿಸಿದರೆ ಶೇ. 50, ಅಂದರೆ ಸ್ವಂತ ಹಾನಿಯ ಭಾಗದ ಸುಮಾರು ಅರ್ಧ ವರ್ಷದ ಹಣ. ಕಾರಿನ ಮೌಲ್ಯ ಇಳಿದಂತೆ ಅದು ತುಸು ಕಡಿಮೆಯಾದೀತು. ಅದರ ಮೇಲೆ ಪ್ರತಿ ಕ್ಲೈಮಿನಲ್ಲಿ ಕಡ್ಡಾಯವಾಗಿ ಕಳೆಯುವ 1,000 ರೂಪಾಯಿ. ಹೀಗಾಗಿ ನಾಲ್ಕು ಸಾವಿರದೊಳಗಿನ ದುರಸ್ತಿಯನ್ನು ಕೈಯಿಂದಲೇ ಕೊಡುವುದು ಲೇಸೆಂದು ತಂದೆ ಮಗ ಒಪ್ಪಿಕೊಂಡರು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಗಳಿಸಿದ ಮೆಟ್ಟಿಲೆಲ್ಲ ಹೋಗುತ್ತದೆಂಬುದನ್ನು ಮಾಸ್ತರರು ಕೆಂಪು ಶಾಯಿಯಲ್ಲಿ ಕೆಳಗೆ ಬರೆದರು.

ಭಯದ ವಿಷಯವನ್ನು ಕಾಗದದಿಂದ ಬೇರೆ ಮಾಡಿ ಮಾತನಾಡಿದೆವು. ಮೊದಲ ಆರು ತಿಂಗಳು ರಾತ್ರಿ ಪಾಳಿಯ ನಂತರ ಊರ ಹೊರಗಿನ ರಸ್ತೆಗೆ ಕಾರು ಒಯ್ಯುವುದಿಲ್ಲವೆಂದು ಮಗನೇ ಹೇಳಿದ. ಹೊರಟಾಗ ಒಂದು ಮೆಸೇಜ್ ಕಳಿಸುತ್ತೇನೆ, ನಡುವೆ ಫೋನ್ ಮಾಡಬಾರದು ಎಂಬ ಅವನ ಷರತ್ತಿಗೆ ತಂದೆಗಿಂತ ಮೊದಲು ತಾಯಿ ಒಪ್ಪಬೇಕಾಯಿತು, ಏಕೆಂದರೆ ಫೋನ್ ಮಾಡುತ್ತಿದ್ದವರು ಅವರೇ.

ಆರು ವಾರಗಳ ನಂತರ ಮಗ ಒಬ್ಬನೇ ಬಂದಿದ್ದ. ಆರ್‌ಸಿ ಅವನ ಹೆಸರಿಗೆ ಬಂದಿತ್ತು, ಬಂಪರಿಗೆ 2,600 ರೂಪಾಯಿ ಕೊಟ್ಟು ಬಣ್ಣ ಹಚ್ಚಿಸಿದ್ದ. ಊಟ ಈಗ ಒಟ್ಟಿಗೇ ಆಗುತ್ತದೆಯೇ ಎಂದು ಕೇಳಿದೆ. ಪಾಳಿ ಇಲ್ಲದ ದಿನ ಆಗುತ್ತದೆ ಎಂದ. ಎನ್‌ಸಿಬಿ ಪತ್ರದ ಅವಧಿ ಇನ್ನೂ ಕೆಲವು ತಿಂಗಳಿದೆ. ಅಪ್ಪ ಅದನ್ನು ಮತ್ತೆ ಪಹಣಿಗಳ ಜೊತೆಗೇ ಇಟ್ಟಿದ್ದಾರಂತೆ.