ಓದುಗರ ಪ್ರಶ್ನೆ: ಮನೆಯಲ್ಲಿ ತಾಮ್ರದ ಒಡವೆ

ಪ್ರಶ್ನೆ: ತಾಮ್ರದ ತಂತಿಯಿಂದ ಮನೆಯಲ್ಲೇ ಬಳೆ, ಓಲೆಗಳನ್ನು ಮಾಡುತ್ತಿದ್ದೇನೆ. ಆರಂಭದಲ್ಲಿ ಸುಲಭವಾಗಿ ಬಗ್ಗುವ ತಂತಿ ನಾಲ್ಕಾರು ಸಲ ತಿದ್ದುವಷ್ಟರಲ್ಲಿ ಬಿರುಸಾಗಿ, ಕೆಲವೊಮ್ಮೆ ಮುರಿದೇ ಹೋಗುತ್ತದೆ. ಇದು ಕಳಪೆ ತಂತಿಯ ಲಕ್ಷಣವೇ?

ಉತ್ತರ: ತಂತಿಯಲ್ಲಿ ದೋಷವಿಲ್ಲ. ಬಗ್ಗಿಸಿದಾಗ, ತಿರುಚಿದಾಗ, ಸುತ್ತಿಗೆಯಿಂದ ಬಡಿದಾಗ ತಾಮ್ರದ ಒಳಗಿನ ಹರಳುಗಳ ಜೋಡಣೆ ಕದಡಿ, ಅವು ಮತ್ತೆ ಜಾರಿಕೊಡುವ ಶಕ್ತಿ ಕುಗ್ಗುತ್ತದೆ. ಹೀಗಾಗಿ ಪ್ರತಿ ತಿದ್ದುಪಡಿಗೂ ಲೋಹ ಇನ್ನಷ್ಟು ಬಿರುಸಾಗುತ್ತದೆ. ಇಕ್ಕಳ ಹಿಡಿದ ಕೈಗೆ ತಂತಿ ಎದುರು ಒತ್ತುತ್ತಿದೆ ಎನ್ನಿಸಿದ ಕೂಡಲೇ ಕೆಲಸ ನಿಲ್ಲಿಸಿ ಅದನ್ನು ಕಾಯಿಸಬೇಕು, ಆಗ ಅದು ಮತ್ತೆ ಮೆದುವಾಗುತ್ತದೆ. ಹಟ ಹಿಡಿದು ಇನ್ನೊಂದು ಸಲ ಬಗ್ಗಿಸಿದರೆ ಮುರಿಯುವುದು ಅಲ್ಲಿಯೇ.

ಕಾಯಿಸುವಾಗ ಸ್ಥಳ ಸ್ವಲ್ಪ ಮಬ್ಬಾಗಿರಲಿ. ಗಾಳಿಯಾಡುವ ಕಡೆ, ಬೆಂಕಿ ತಾಳುವ ಇಟ್ಟಿಗೆಯ ಮೇಲೆ ತಂತಿಯನ್ನಿಟ್ಟು, ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚಿನ ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹೋದರೆ, ಮೊದಲು ಮೇಲ್ಮೈಯಲ್ಲಿ ಬಣ್ಣಗಳು ಓಡಾಡಿ, ಬಳಿಕ ಮಂದವಾದ ಕೆಂಪು ಮೂಡುತ್ತದೆ. ಅಷ್ಟು ಸಾಕು. ಪ್ರಖರ ಬೆಳಕಿನಲ್ಲಿ ಈ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ಅನೇಕರು ಅತಿಯಾಗಿ ಕಾಯಿಸಿಬಿಡುತ್ತಾರೆ. ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಬೇಕಾದರೂ ತೆಳು ತಂತಿಯ ತುದಿ ಉರಿಯಲ್ಲಿ ಬೇಗನೆ ಗುಂಡಾಗುತ್ತದೆ. ಕೆಂಪು ಆರಿದ ಮೇಲೆ ಇಕ್ಕಳದಿಂದ ಹಿಡಿದು ನೀರಿಗೆ ಹಾಕಬಹುದು. ಉಕ್ಕಿನಂತೆ ತಾಮ್ರ ಇದರಿಂದ ಗಡುಸಾಗುವುದಿಲ್ಲ. ಮೇಲೆ ಉಳಿಯುವ ಕಪ್ಪು ಪೊರೆ ಸಿಟ್ರಿಕ್ ಆಮ್ಲ ಬೆರೆಸಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಬಿಡುತ್ತದೆ.

ಆದರೆ ಈ ಬಿರುಸುತನವನ್ನು ಶತ್ರುವೆಂದು ಭಾವಿಸಬೇಡಿ. ಪೂರ್ತಿ ಮೆದುವಾಗಿ ಉಳಿದ ಬಳೆ ತೊಟ್ಟ ದಿನವೇ ಸೊಟ್ಟಗಾಗುತ್ತದೆ. ಆದ್ದರಿಂದ ಕೊನೆಯ ಆಕಾರ ಬಂದ ಮೇಲೆ ಮತ್ತೆ ಕಾಯಿಸದೆ, ಸಮತಟ್ಟಾದ ಅಡಿಗಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಸುತ್ತಲೂ ಹಗುರವಾಗಿ ಬಡಿಯಿರಿ. ಗುರುತು ಬೀಳದೆಯೇ ಅದಕ್ಕೆ ಬಿಗಿ ಬರುತ್ತದೆ. ಕೈಯಿಂದ ಮಾಡಿದ ಒಡವೆ ಬಾಳುವುದೂ ಬಾಳದಿರುವುದೂ ಹೆಚ್ಚಾಗಿ ಈ ಹಂತದಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ತಾಮ್ರದ ಉಂಗುರ ತೊಟ್ಟರೆ ಬೆರಳು ಹಸಿರಾಗುತ್ತದೆ. ಇದರಿಂದ ಅಪಾಯವಿದೆಯೇ?

ಉತ್ತರ: ಬೆವರಿನಲ್ಲಿರುವ ಲವಣ ಮತ್ತು ಆಮ್ಲಗಳು ತಾಮ್ರದೊಡನೆ ಸೇರಿ ಹಸಿರು ಲವಣಗಳಾಗುತ್ತವೆ, ಪಾತ್ರೆಯ ಮೇಲೆ ಕಾಣುವ ಕಿಲುಬಿನ ಹತ್ತಿರದ ಬಂಧುವೇ ಇದು. ಸೋಪು ಹಚ್ಚಿ ತೊಳೆದರೆ ಹೋಗುತ್ತದೆ, ಸಾಮಾನ್ಯವಾಗಿ ಚರ್ಮಕ್ಕೆ ಹಾನಿಯಿಲ್ಲ. ತುರಿಕೆ ಅಥವಾ ಗುಳ್ಳೆ ಕಂಡರೆ ಮಾತ್ರ ತೊಡುವುದನ್ನು ಬಿಡಿ. ಉಂಗುರದ ಒಳಮೈಗೆ ಮೇಣವನ್ನು ತೆಳುವಾಗಿ ಉಜ್ಜಿದರೆ ಕಲೆ ಕಡಿಮೆಯಾಗುತ್ತದೆ, ಆದರೆ ಮೇಣ ಸವೆಯುವುದರಿಂದ ಆಗಾಗ ಹಚ್ಚುತ್ತಿರಬೇಕು. ಕಿವಿಯ ತೂತಿನೊಳಗೆ ಹೋಗುವ ಕೊಕ್ಕೆಯನ್ನು ಮಾತ್ರ ತಾಮ್ರದಲ್ಲಿ ಮಾಡದಿರುವುದು ಲೇಸು. ಅದಕ್ಕೆ ಬೆಳ್ಳಿ ಅಥವಾ ಟೈಟಾನಿಯಂ ತಂತಿ ತಕ್ಕದ್ದು.

ಪ್ರಶ್ನೆ: ಹಳೆಯ ಮೋಟಾರಿನ ತಂತಿ, ಮನೆಯ ವಿದ್ಯುತ್ ವೈರು ಬಳಸಬಹುದೇ?

ಉತ್ತರ: ವಿದ್ಯುತ್ ವೈರಿನೊಳಗಿನ ತಾಮ್ರ ಬಹಳ ಶುದ್ಧವಾಗಿದ್ದು, ಒಂಟಿ ಎಳೆಯದಾದರೆ ಒಡವೆಗೆ ಚೆನ್ನಾಗಿ ಒದಗುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಚಾಕುವಿನಿಂದ ಸೀಳಿ ತೆಗೆಯಿರಿ, ಎಂದಿಗೂ ಸುಡಬೇಡಿ. ಆ ಹೊಗೆ ವಿಷಕಾರಿ. ಮೋಟಾರಿನ ತಂತಿ ಬರಿಯ ತಾಮ್ರದಂತೆ ಕಂಡರೂ ಅದರ ಮೇಲೆ ವಾರ್ನಿಷಿನಂಥ ಲೇಪವಿರುತ್ತದೆ. ಅದನ್ನು ಕಾಯಿಸುವ ಅಗತ್ಯವಿಲ್ಲದ ಸುತ್ತುವ, ಹೆಣೆಯುವ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ.